ನಾನು ಮುಚ್ಚಿಸಿದ ದಾರಿ

ಹುಣಸೂರಿನಿಂದ ಕೋಟೆ ತಾಲ್ಲೂಕಿನ ಕಡೆಗೆ ಹೋಗುವ ರಸ್ತೆಯಲ್ಲಿ ನನ್ನ ಹೆಂಡತಿಯ ತಮ್ಮನ ಊರಿದೆ. ಊರಿನ ಹಿಂದೆ ಅವನ ಹೊಲ, ಹೊಲದ ಆಚೆ ಕಾಲೋನಿ. ಕಾಲೋನಿಯಿಂದ ಬಸ್ಸು ನಿಲ್ಲುವ ಜಾಗಕ್ಕೆ ಬರಲು ಅವನ ಹೊಲದ ಬದುವಿನ ಮೇಲೆ ಒಂದು ಕಾಲುದಾರಿ ಇತ್ತು. ಅದು ಯಾವ ನಕ್ಷೆಯಲ್ಲೂ ಇಲ್ಲದ ದಾರಿ. ಅವನ ಅಪ್ಪನ ಕಾಲದಿಂದ ಜನ ನಡೆಯುತ್ತಿದ್ದರು, ಯಾರೂ ಬೇಡ ಎನ್ನುತ್ತಿರಲಿಲ್ಲ, ಅಷ್ಟೇ. ಹೋದ ಚಳಿಗಾಲದಲ್ಲಿ ಅವನು ಆ ದಾರಿಯ ಎರಡು ತುದಿಗೂ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದ. ಯಾಕೆ ಎಂದು ಊರಿನಲ್ಲಿ ಯಾರನ್ನು ಕೇಳಿದರೂ, ಕಾಲೋನಿಯ ಹೆಂಗಸರು ಅವರೆಕಾಯಿ ಕದ್ದರು, ಅದಕ್ಕೆ ಎಳೆದ ಎನ್ನುತ್ತಿದ್ದರು.

ಅದು ಸುಳ್ಳು. ಆ ಸುಳ್ಳು ಹುಟ್ಟಿದ್ದು ನನ್ನ ಬಾಯಲ್ಲಿ. ಇದನ್ನು ಬರೆಯಲು ಕೂತಾಗ ಕಣ್ಣೀರು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಬಂದದ್ದು ಸಿಟ್ಟು. ನನ್ನ ಮೇಲೆ, ನನ್ನ ಜೊತೆ ನಡೆದವರ ಮೇಲೆ, ನನ್ನ ಮಾತನ್ನು ಎರಡನೇ ಸಲ ಕೇಳದೆ ನಂಬಿದವರ ಮೇಲೆ. ಎಪ್ಪತ್ತು ದಾಟಿದವನಿಗೆ ಇಷ್ಟು ಸಿಟ್ಟು ಒಳ್ಳೆಯದಲ್ಲ ಎಂದು ಡಾಕ್ಟರು ಹೇಳುತ್ತಾರೆ. ನಡಿಗೆ ಮಾಡಿ, ಕಡಿಮೆಯಾಗುತ್ತದೆ ಎಂದೂ ಹೇಳುತ್ತಾರೆ. ಇದೆಲ್ಲ ಶುರುವಾದದ್ದೇ ನಡಿಗೆಯಿಂದ.

ನಾನು ಓದಿದ್ದು ಹೈಸ್ಕೂಲು. ಲೈನ್‌ಮನ್ ಆಗಿ ಕೆಲಸ ಮಾಡಿ ನಿವೃತ್ತನಾದೆ. ಮಳೆಗಾಲದಲ್ಲಿ ಎಲ್ಲೋ ಒಂದು ಕೊಂಬೆ ತಂತಿಯ ಮೇಲೆ ಬಿದ್ದು ಊರೂರೇ ಕತ್ತಲಾದರೆ, ಕಂಬದಿಂದ ಕಂಬಕ್ಕೆ ಹೊಲ, ತೋಟ, ಹಳ್ಳ ಎನ್ನದೆ ನಡೆದು ಆ ಕೊಂಬೆಯನ್ನು ಹುಡುಕುವುದು ನಮ್ಮ ಕೆಲಸ. ಹಾಗಾಗಿ ಹುಣಸೂರಿನ ಸುತ್ತ ಯಾವ ಬದು ಎಲ್ಲಿಗೆ ಹೋಗುತ್ತದೆ, ಯಾವ ಹಳ್ಳವನ್ನು ಎಲ್ಲಿ ದಾಟಬಹುದು, ಯಾರ ಮನೆಯ ನಾಯಿ ಕಚ್ಚುತ್ತದೆ ಎನ್ನುವುದೆಲ್ಲ ನನಗೆ ಗೊತ್ತು. ಕೆಲಸದಲ್ಲಿದ್ದಾಗ ಈ ವಿದ್ಯೆಗೆ ಬೆಲೆ ಇರಲಿಲ್ಲ. ನಿವೃತ್ತಿಯಾದ ಮೇಲೆ ಬಂತು.

ಸಕ್ಕರೆ ಕಾಯಿಲೆ, ಬಿಪಿ ಇರುವ ನಾಲ್ಕಾರು ಜನ ಬೆಳಿಗ್ಗೆ ಬೈಪಾಸ್ ರಸ್ತೆಯಲ್ಲಿ ಲಾರಿಗಳ ಹೊಗೆ ಕುಡಿಯುತ್ತ ನಡೆಯುತ್ತಿದ್ದೆವು. ಹೊಗೆ ಯಾಕೆ ಕುಡಿಯಬೇಕು, ಬನ್ನಿ, ಹೊಲದ ದಾರಿ ತೋರಿಸುತ್ತೇನೆ ಎಂದು ಒಂದು ಭಾನುವಾರ ಕರೆದುಕೊಂಡು ಹೋದೆ. ಅದು ಬೆಳೆಯಿತು. ನಡಿಗೆ ಬಳಗ ಅಂತ ಹೆಸರಿಟ್ಟರು, ವಾಟ್ಸಾಪ್ ಗುಂಪು ಮಾಡಿದರು, ಹಳದಿ ಟೋಪಿ ಹೊಲಿಸಿದರು. ಬ್ಯಾಂಕಿನಲ್ಲಿ ಅಧಿಕಾರಿಯಾಗಿ ನಿವೃತ್ತರಾದ ಒಬ್ಬರು ಕಾರ್ಯದರ್ಶಿಯಾದರು. ಅವರು ಕೊರಳಿಗೆ ಒಂದು ಸೀಟಿ ನೇತುಹಾಕಿಕೊಂಡು ಬರುತ್ತಿದ್ದರು. ಜನ ಹಿಂದೆ ಉಳಿದರೆ ಹೊಲದ ಮಧ್ಯೆ ನಿಂತು ಅದನ್ನು ಊದುವರು. ಕಳೆ ಕೀಳುತ್ತಿದ್ದ ಹೆಂಗಸರು ಬೆನ್ನು ನೆಟ್ಟಗೆ ಮಾಡಿ ನಮ್ಮನ್ನು ನೋಡುವರು. ನಾವು ಅವರಿಗೆ ಕೈ ಬೀಸುತ್ತಿದ್ದೆವು.

ಲಕ್ಷ್ಮಣತೀರ್ಥದ ದಂಡೆ, ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಹೊಲಗಳು, ಕೆ.ಆರ್. ನಗರದ ನಾಲೆ ಏರಿ, ಎಲ್ಲ ಕಡೆ ಹೋದೆವು. ನನ್ನನ್ನು ಗೈಡ್ ಸಾಹೇಬ್ರು ಎಂದು ಕರೆಯತೊಡಗಿದರು. ಕೆಲಸದಲ್ಲಿ ಇದ್ದಷ್ಟು ದಿನ ನನ್ನ ಹೆಸರು 'ಏ ಲೈನ್‌ಮನ್' ಎಂದೇ ಆಗಿತ್ತು. ಯಾರ ಮನೆಯ ಬಾಗಿಲಲ್ಲಿ ನಿಂತು ಕರೆಂಟ್ ಬಂತಾ ನೋಡಿ ಸ್ವಾಮಿ ಎಂದು ಕೇಳಿದ್ದೆನೋ ಅಂಥ ಮನೆಯವರೇ ಈಗ ನನ್ನ ಹಿಂದೆ ಸಾಲಾಗಿ ಬರುತ್ತಿದ್ದರು. ಬಲಕ್ಕೆ ಅಂದರೆ ಬಲಕ್ಕೆ, ಎಡಕ್ಕೆ ಅಂದರೆ ಎಡಕ್ಕೆ. ಅದರ ರುಚಿ ಹತ್ತಿತ್ತು ನನಗೆ. ಆ ರುಚಿಯೇ ಮುಂದಿನದ್ದಕ್ಕೆಲ್ಲ ಮೂಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅವರೆ ಕಾಲದಲ್ಲಿ, ರಾಗಿ ಕೊಯ್ದಾದ ಮೇಲೆ, ಬಳಗವನ್ನು ಭಾಮೈದನ ಊರಿನ ಕಡೆಗೆ ಕರೆದುಕೊಂಡು ಹೋದೆ. ರಾಗಿಯ ನಡುನಡುವೆ ಅವನು ಅವರೆಯ ಸಾಲು ಬಿಡುತ್ತಾನೆ. ರಾಗಿ ಹೋದ ಮೇಲೆ ಕೂಳೆಯ ಮಧ್ಯೆ ಆ ಸಾಲುಗಳು ಮಾತ್ರ ಹಸಿರಾಗಿ ನಿಂತಿರುತ್ತವೆ. ಮಂಜು ಬಿದ್ದ ಬೆಳಿಗ್ಗೆ ಕಾಯಿಯ ಸೊಗಡು ಬದುವಿನವರೆಗೂ ಹೊಡೆಯುತ್ತದೆ. ಆ ದಿನ ಬಳಗದಲ್ಲಿ ಎಂದಿಗಿಂತ ಹೆಚ್ಚು ಜನ. ಮೈಸೂರಿನಿಂದ ಕಾರ್ಯದರ್ಶಿಗಳ ನೆಂಟರೂ ಬಂದಿದ್ದರು.

ಬದುವಿನ ಮೇಲೆ ಹೋಗುವಾಗ ಎದುರಿಗೆ ಕಾಲೋನಿಯ ಮೂವರು ಹೆಂಗಸರು ಬಂದರು. ಹುಲ್ಲು ಕೊಯ್ದುಕೊಂಡು ಮನೆಗೆ ಹೋಗುತ್ತಿದ್ದರು. ಒಬ್ಬಳ ತಲೆಯ ಮೇಲೆ ಹೊರೆ, ಒಬ್ಬಳ ಕೈಯಲ್ಲಿ ಗೊಬ್ಬರದ ಚೀಲ, ವಯಸ್ಸಾದವಳ ಮಡಿಲಲ್ಲಿ ಒಂದಿಷ್ಟು. ಬದು ಕಿರಿದು. ನಾವು ಇಷ್ಟೊಂದು ಜನ ಸಾಲಾಗಿ ಬರುವುದನ್ನು ನೋಡಿ ಅವರು ಕೂಳೆಯೊಳಗೆ ಇಳಿದು ನಿಂತರು. ಕೊಯ್ದ ರಾಗಿಯ ಕೂಳೆ ಬರಿಗಾಲಿಗೆ ಚುಚ್ಚುತ್ತದೆ. ಕೊನೆಯವರು ದಾಟುವವರೆಗೂ ನಿಂತಿದ್ದರು. ನಮ್ಮಲ್ಲಿ ಯಾರೂ ಇಳಿಯಲಿಲ್ಲ. ಶೂ ಹಾಕಿಕೊಂಡಿದ್ದವರು ನಾವು.

ಆಮೇಲೆ ಅವರೆ ಸಾಲಿನ ಹತ್ತಿರ ತಿಂಡಿಗೆ ನಿಂತೆವು. ಕಾಯಿ ನೋಡಿ ಎಲ್ಲರಿಗೂ ಆಸೆ. ಕೀಳಬಹುದಾ ಗೈಡ್ ಸಾಹೇಬ್ರೆ, ಯಾರಾದರೂ ಬೈದಾರು ಎಂದು ಕಾರ್ಯದರ್ಶಿಗಳು ಕೇಳಿದರು.

ನಮ್ಮ ಕಡೆ ಒಂದು ರೂಢಿ ಇದೆ. ದಾರಿಯಲ್ಲಿ ಹೋಗುವವರು ಹಸಿವಾಗಿ ಬದುವಿನ ಮೇಲೆ ಕೂತು ನಾಲ್ಕು ಕಾಯಿ ಬಿಡಿಸಿ ತಿಂದರೆ ಹೊಲದವನು ಏನೂ ಅನ್ನುವುದಿಲ್ಲ. ಹೊಟ್ಟೆಗೆ ತಿನ್ನಬಹುದು, ಮಡಿಲಿಗೆ ಕಟ್ಟಬಾರದು. ಮಡಿಲಿಗೆ ಕಟ್ಟಿದರೆ ಅದು ಕಳ್ಳತನ. ತಿನ್ನುವವರೂ ಬದುವಿನ ಅಂಚಿನ ಗಿಡದಿಂದ ಕೀಳಬೇಕೇ ಹೊರತು ಸಾಲಿನೊಳಗೆ ಇಳಿಯಬಾರದು. ಒಂಟಿ ದಾರಿಹೋಕನಿಗೆ ಎಂದು ಆದ ರೂಢಿ ಅದು. ಹಳದಿ ಟೋಪಿಯ ದಂಡಿಗೆ ಆದದ್ದಲ್ಲ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಹೇಳಿದ್ದು ಮಾತ್ರ ಅರ್ಧ.

"ಬೈಯೋರ್ ಯಾರು ಸಾರ್, ನಮ್ಮ ಭಾಮೈದಂದೇ ಒಲ. ದಾರೀಲಿ ಓಗೋರು ಕಿತ್ಕಂಡು ತಿಂದ್ರೆ ನಮ್ ಕಡೆ ಯಾರೂ ಕೇಳಲ್ಲ. ತಿನ್ನಿ, ತಿನ್ನಿ."

ನನ್ನದಲ್ಲದ್ದನ್ನು ಧಾರಾಳವಾಗಿ ಕೊಡುವ ದೊಡ್ಡಸ್ತಿಕೆ. ಮೈಸೂರಿನವರು ಭೇಷ್ ಎಂದರು. ಎಷ್ಟು ಒಳ್ಳೆಯ ಸಂಸ್ಕೃತಿ ನಿಮ್ಮದು ಎಂದು ಒಬ್ಬ ಹೆಂಗಸು ಮೊಬೈಲಿನಲ್ಲಿ ನನ್ನ ಮಾತನ್ನು ಮತ್ತೆ ಹೇಳಿಸಿ ರೆಕಾರ್ಡ್ ಮಾಡಿಕೊಂಡಳು. ನಾನು ಎರಡನೇ ಸಲ ಇನ್ನೂ ಚೆನ್ನಾಗಿ ಹೇಳಿದೆ.

ಮೊದಲು ತಿಂದರು. ಆಮೇಲೆ ಒಬ್ಬರು ಟೋಪಿಗೆ ತುಂಬಿಕೊಂಡರು. ಟೋಪಿ ನೋಡಿ ಇನ್ನೊಬ್ಬರು ತಿಂಡಿಯ ಚೀಲ ಖಾಲಿ ಮಾಡಿದರು. ಸಾಲಿನೊಳಗೆ ಇಳಿದರು. ಮೂಲೆಯಲ್ಲಿ ಕೆಲವು ಗಿಡಗಳಿಗೆ ಬಟ್ಟೆಯ ಚೂರು ಕಟ್ಟಿತ್ತು. ಒಳ್ಳೆಯ ಗಿಡ ನೋಡಿ, ಕೀಳದೆ, ಒಣಗಿಸಿ ಮುಂದಿನ ವರ್ಷದ ಬಿತ್ತನೆಗೆ ಇಟ್ಟುಕೊಳ್ಳುವ ಗಿಡಗಳು ಅವು. ನನ್ನ ಅತ್ತೆಯ ಕಾಲದಿಂದ ಆ ಮನೆಯಲ್ಲಿ ಅದೇ ಬೀಜ. ಕಾಯಿ ದಪ್ಪವಾಗಿದ್ದದ್ದು ಅಲ್ಲೇ, ಹಾಗಾಗಿ ಎಲ್ಲರೂ ಅಲ್ಲಿಗೇ ಹೋದರು. ಕೆಲವರು ಕೂತು ಬಿಡಿಸಲು ಸುಲಭ ಎಂದು ಗಿಡವನ್ನೇ ಕಿತ್ತರು. ನಾನು ನೋಡಿದೆ. ಆ ಬಟ್ಟೆಯ ಚೂರುಗಳನ್ನೂ ನೋಡಿದೆ. ಬಾಯಿ ತೆರೆಯಲಿಲ್ಲ. ಈಗ ತಾನೇ ತಿನ್ನಿ ಎಂದವನು ಬೇಡ ಎಂದರೆ ಸಣ್ಣವನಾಗುತ್ತೇನೆ ಎನ್ನುವುದೊಂದೇ ಯೋಚನೆ. ಹೊರಡುವಾಗ ಯಾರೋ ನನ್ನ ಕೈಗೂ ಒಂದು ಚೀಲ ಕೊಟ್ಟರು. ಇಸಿದುಕೊಂಡೆ.

ದಾರಿಬದಿಯಲ್ಲಿ ಕೊಂಡೆ ಎಂದು ಮನೆಯಲ್ಲಿ ಹೇಳಿದೆ. ಹೆಂಡತಿ ಕಾಳು ನೆನೆಸಿ, ಹಿಸುಕಿ, ಮಾರನೇ ದಿನ ಸಂಜೆ ಹಿದುಕಿದ ಬೇಳೆ ಸಾರಿಗೆ ಇಟ್ಟಳು. ಸಾರು ಒಲೆಯ ಮೇಲೆ ಇರುವಾಗಲೇ ಅವಳ ತಮ್ಮ ನನಗೆ ಫೋನ್ ಮಾಡಿದ. ಭಾನುವಾರ ಅವನು ನೆಂಟರ ಮನೆಯ ತಿಥಿಗೆ ಹೋಗಿದ್ದ. ಬಂದು ಹೊಲ ನೋಡಿದ್ದ.

"ಭಾವ, ನಿನ್ನೆ ನೀವು ನಮ್ ಒಲದ್ ಮ್ಯಾಲೆ ಬಂದಿದ್ರಂತೆ."

ಬಂದಿದ್ದೆವು ಎಂದೆ.

"ಬೀಜಕ್ಕೆ ಬುಟ್ಟಿದ್ ಅವರೆ ಒಂದೂ ಇಲ್ಲ ಕಣ್ ಭಾವ. ಗಿಡ್ವೇ ಕಿತ್ತಾಕವ್ರೆ. ತಪ್ ತಿಳ್ಕಬ್ಯಾಡಿ, ನಿಮ್ಮೋರೇನಾರ..."

ಅವನು ಮಾತು ಮುಗಿಸಲಿಲ್ಲ. ಭಾವನನ್ನು ಹಾಗೆ ಕೇಳಲು ಅವನಿಗೇ ನಾಚಿಕೆಯಾಗಿತ್ತು. ಆ ನಾಚಿಕೆಯನ್ನು ನಾನು ಉಪಯೋಗಿಸಿಕೊಂಡೆ.

"ಏನ್ಲಾ ಅಂಗಂದ್ರೆ? ನಮ್ಮೋರೆಲ್ಲ ಓದಿದೋರು, ಆಫೀಸರ್ ಆಗಿದ್ದೋರು. ಅವ್ರಿಗೆ ಅವರೆಕಾಯ್ಗೆ ಬರ ಬಂದದಾ?"

ಅಲ್ಲಿಗೆ ನಿಲ್ಲಿಸಿದ್ದರೆ ಅದು ಬರಿ ಹೇಡಿತನವಾಗುತ್ತಿತ್ತು. ನಿಲ್ಲಿಸಲಿಲ್ಲ, ಇನ್ನೊಂದು ಮಾತು ಹೇಳಿದೆ.

"ನಾವ್ ಬರುವಾಗ ಯಾರೋ ಎಂಗಸ್ರು ಚೀಲ ಇಟ್ಕಂಡು ಬದಿನ್ ಮ್ಯಾಲೆ ಬತ್ತಿದ್ರಪ್ಪ. ನಂಗೇನ್ ಗೊತ್ತು ಯಾರು ಅಂತ."

"ಅಂಗಾ. ಸರಿ ಬುಡಿ ಭಾವ" ಎಂದು ಫೋನ್ ಇಟ್ಟ.

ನಾನು ಯಾರ ಹೆಸರೂ ಹೇಳಲಿಲ್ಲ, ನಿಜ. ಯಾರನ್ನೂ ಕಳ್ಳರು ಎನ್ನಲಿಲ್ಲ, ಅದೂ ನಿಜ. ಚೀಲ ಇಟ್ಟುಕೊಂಡ ಹೆಂಗಸರು ಬಂದದ್ದೂ ನಿಜವೇ. ಸುಳ್ಳು ಹೇಳದೆ ಸುಳ್ಳು ಹೇಳುವುದು ಎಷ್ಟು ಸುಲಭ ನೋಡಿ. ಆ ರಾತ್ರಿ ಸಾರಿಗೆ ಎರಡನೇ ಸಲ ಹಾಕಿಸಿಕೊಂಡು ಉಂಡೆ.

ಮುಂದೆ ನಡೆದದ್ದು ನನಗೆ ತಿಳಿದದ್ದು ತಡವಾಗಿ. ನಾಲ್ಕಾರು ವಾರ ಬಿಟ್ಟು ಬಳಗದಲ್ಲಿ ಯಾರೋ ಆ ಅವರೆ ಹೊಲದ ದಾರಿಗೇ ಮತ್ತೆ ಹೋಗೋಣ ಎಂದರು. ಹೋದರೆ ಬದುವಿನ ತುದಿಯಲ್ಲಿ ಕಲ್ಲುಕಂಬ, ಹೊಸ ಮುಳ್ಳುತಂತಿ. ಕಾರ್ಯದರ್ಶಿಗಳು ಕೆಂಡಾಮಂಡಲವಾದರು. ಜನ ಓಡಾಡುವ ದಾರಿಯನ್ನು ಹೀಗೆ ಮುಚ್ಚುವುದು ಕಾನೂನಿಗೆ ವಿರುದ್ಧ, ತಹಶೀಲ್ದಾರರಿಗೆ ಅರ್ಜಿ ಕೊಡೋಣ, ನಡೆಯುವುದು ನಮ್ಮ ಹಕ್ಕು ಎಂದು ಅಲ್ಲೇ ನಿಂತು ಭಾಷಣ ಮಾಡಿದರು. ಎಲ್ಲರೂ ತಂತಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ನಾನು ಫೋಟೊದ ಮಧ್ಯದಲ್ಲಿದ್ದೇನೆ.

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ, ನಿನ್ನ ತಮ್ಮ ದಾರಿಗೆ ಯಾಕೆ ತಂತಿ ಹಾಕಿದ್ದಾನೆ ಎಂದು. ತಮ್ಮನ ಹೆಂಡತಿ ಅವಳಿಗೆ ಎಲ್ಲ ಹೇಳಿದ್ದಳು. ನನ್ನ ಜೊತೆ ಮಾತಾಡಿದ ಮಾರನೇ ದಿನವೇ ಅವನು ಬದುವಿನ ಮೇಲೆ ಕಾದು ನಿಂತಿದ್ದನಂತೆ. ಹುಲ್ಲು ತರುತ್ತಿದ್ದ ಆ ವಯಸ್ಸಾದ ಹೆಂಗಸನ್ನು ಅಡ್ಡಗಟ್ಟಿ, ಮಡಿಲು ಬಿಚ್ಚಿ ತೋರಿಸು ಎಂದನಂತೆ. ಅವಳ ಸೊಸೆಯೂ ಜೊತೆಗಿದ್ದಳು. ಬಸ್ಸಿಗೆ ಹೋಗುವವರೆಲ್ಲ ನಿಂತು ನೋಡಿದರು. ಮಡಿಲಲ್ಲಿ ಹುಲ್ಲು ಬಿಟ್ಟು ಬೇರೇನೂ ಇರಲಿಲ್ಲ. ಆದರೂ ವಾರದೊಳಗೆ ತಂತಿ ಬಂತು.

ಕಾಲೋನಿಯ ಹೆಂಗಸರು ಹುಣಸೂರಿಗೆ ಹೊಗೆಸೊಪ್ಪು ವಿಂಗಡಿಸುವ ಕೆಲಸಕ್ಕೆ ಹೋಗುತ್ತಾರೆ. ಬೆಳಿಗ್ಗೆಯ ಮೊದಲ ಬಸ್ಸು ತಪ್ಪಿದರೆ ಅಂದಿನ ಕೆಲಸವಿಲ್ಲ. ಬದುವಿನ ಮೇಲೆ ಬಂದರೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಳ್ಳುವಷ್ಟರಲ್ಲಿ ಬಸ್ಸು ನಿಲ್ಲುವ ಜಾಗ. ಟಾರು ರಸ್ತೆಯಲ್ಲಿ ಬಂದರೆ ಕೆರೆ ಏರಿಯನ್ನೆಲ್ಲ ಸುತ್ತಬೇಕು. ತಂತಿ ಬಿದ್ದ ಮೇಲೆ ದಿನವೂ ಯಾರಿಗಾದರೂ ಬಸ್ಸು ತಪ್ಪುತ್ತಿತ್ತು.

ಹೆಂಡತಿ ಇದನ್ನೆಲ್ಲ ಹೇಳುವಾಗ ನನ್ನ ಮುಖ ನೋಡುತ್ತಿದ್ದಳು. ನಾನು ಬಚ್ಚಲಿಗೆ ಎದ್ದು ಹೋಗಲು ನೋಡಿದೆ. ಆ ಅವರೆಕಾಯಿ ಎಲ್ಲಿ ಕೊಂಡಿದ್ದು ಅಂದಿರಿ ಎಂದು ಕೇಳಿದಳು. ನಲವತ್ತು ವರ್ಷ ಸಂಸಾರ ಮಾಡಿದವಳ ಮುಂದೆ ಇನ್ನೊಂದು ಸುಳ್ಳು ಬರಲಿಲ್ಲ. ಹೇಳಿದೆ. ಅವಳು ಕೂಗಾಡಲಿಲ್ಲ.

"ಭಾನುವಾರ ಆದ್ರೆ ತಾಲ್ಲೂಕೆಲ್ಲಾ ಸುತ್ತೋ ಕಾಲು, ನನ್ ತಮ್ಮನ್ ಮನೆವರ್ಗೂ ಓಗಿ ಒಂದ್ ಮಾತ್ ಯೋಳಕ್ಕೆ ಬರಲ್ವಾ ನಿಮ್ಗೆ? ನಾನೂ ಉಂಡಿವ್ನಿ ಅದ್ನ. ನಂಗೂ ತಿನ್ಸಿದ್ರಿ."

ಆದರೂ ನಾನು ಮೊದಲು ಹೋದದ್ದು ಭಾಮೈದನ ಮನೆಗಲ್ಲ, ಬಳಗಕ್ಕೆ. ಒಬ್ಬನೇ ತಲೆ ತಗ್ಗಿಸುವುದಕ್ಕಿಂತ ಎಲ್ಲರೂ ಒಟ್ಟಿಗೆ ಹೋದರೆ ಭಾರ ಕಡಿಮೆ ಎನ್ನುವ ಲೆಕ್ಕ. ಬಸ್ ನಿಲ್ದಾಣದ ಹಿಂದಿನ ಹೋಟೆಲಿನಲ್ಲಿ ನಮ್ಮ ಸಭೆ. ತಹಶೀಲ್ದಾರರ ಅರ್ಜಿಯ ವಿಷಯ ಬಂದಾಗ ಎದ್ದು ನಿಂತು, ದಾರಿ ಮುಚ್ಚಿದ್ದು ನಮ್ಮಿಂದ, ಕಾಯಿ ಕಿತ್ತದ್ದು ನಾವು, ಬೈಸಿಕೊಂಡದ್ದು ಕಾಲೋನಿಯವರು, ಹೋಗಿ ಒಪ್ಪಿಕೊಳ್ಳೋಣ ಎಂದೆ.

ಕೆಲವರು ನಕ್ಕರು. ನಾಲ್ಕು ಅವರೆಕಾಯಿಗೆ ಇಷ್ಟು ರಾಮಾಯಣವೇ ಎಂದರು. ನೀವೇ ತಾನೇ ತಿನ್ನಿ ಎಂದದ್ದು ಎಂದು ಒಬ್ಬರು ಕೇಳಿದರು. ತಿನ್ನಿ ಎಂದಿದ್ದೆ, ಹೊತ್ತುಕೊಂಡು ಹೋಗಿ ಎಂದಿರಲಿಲ್ಲ ಎಂದು ವಾದ ಮಾಡೋಣವೆಂದರೆ ನನ್ನ ಮನೆಗೂ ಒಂದು ಚೀಲ ಹೋಗಿತ್ತಲ್ಲ. ಬಜಾರಿನಲ್ಲಿ ಮಂಚ, ಬೀರು ಮಾಡಿಸಿ ಮಾರುವ ಸಾಬರೊಬ್ಬರು ನಮ್ಮ ಬಳಗದಲ್ಲಿದ್ದಾರೆ. ಅವರು ಟೀ ಲೋಟ ಕೆಳಗಿಟ್ಟು, "ನಾನೂ ಒಂದ್ ಚೀಲ ತಗೊಂಡೋಗಿದ್ದೆ ಸಾರ್. ಮಟನ್‌ಗೆ ಹಾಕಿದ್ರು ಮನೇಲಿ, ಮಸ್ತಾಗಿತ್ತು. ಯಾರ್ದೋ ಮಾಲು ಅಂತ ಗೊತ್ತಿರ್ಲಿಲ್ಲ ಅನ್ನೋಕಾಗಲ್ಲ, ಗೊತ್ತಿತ್ತು" ಎಂದರು. ಅದಕ್ಕೂ ನಕ್ಕರು. ತಾನು ಮಾಡಿದ್ದನ್ನು ಬಾಯಿಬಿಟ್ಟು ಹೇಳಿದವರು ಅವರೊಬ್ಬರೇ, ಅವರದ್ದೂ ಜೋಕಾಗಿ ಹೋಯಿತು.

ಕೊನೆಗೆ ಕಾರ್ಯದರ್ಶಿಗಳು ಒಂದು ತೀರ್ಮಾನ ಹೇಳಿದರು. ಬಳಗದ ವತಿಯಿಂದ ಕಾಲೋನಿಯ ಹೆಂಗಸರಿಗೆ ಒಂದೊಂದು ಶಾಲು ಹೊದಿಸೋಣ. ಚಿಕ್ಕ ಕಾರ್ಯಕ್ರಮ, ಒಂದು ಬ್ಯಾನರ್. ಕ್ಷಮೆ ಎನ್ನುವ ಪದ ಮಾತ್ರ ಬೇಡ, ಅದು ಬೇರೆ ಅರ್ಥ ಕೊಡುತ್ತದೆ. ಅರ್ಜಿ ಅದರ ಪಾಡಿಗೆ ಹೋಗಲಿ.

ನನಗೆ ಮೈಯೆಲ್ಲ ಉರಿಯಿತು. ಮಡಿಲು ಬಿಚ್ಚಿಸಿಕೊಂಡವಳಿಗೆ ಶಾಲು. ಯಾವ ದಾರಿಯಲ್ಲಿ ನಾವು ವರ್ಷಕ್ಕೆ ಎರಡು ಸಲ ಗಾಳಿ ಕುಡಿಯಲು ನಡೆಯುತ್ತೇವೋ, ಅದರಲ್ಲೇ ಅವರು ದಿನವೂ ಅನ್ನಕ್ಕಾಗಿ ನಡೆಯುತ್ತಾರೆ. ನಡೆಯುವ ಹಕ್ಕು ನಮ್ಮದು, ತಪ್ಪಿದ ಬಸ್ಸು ಅವರದು. ಟೋಪಿಯನ್ನು ಮೇಜಿನ ಮೇಲೆ ಹಾಕಿ, ಬಾಯಿಗೆ ಬಂದದ್ದು ಬೈದು ಹೊರಟೆ. ಸಂಜೆಯೊಳಗೆ ವಾಟ್ಸಾಪ್ ಗುಂಪಿನಿಂದ ತೆಗೆದರು. ಬೈದದ್ದಕ್ಕೆ ನನಗೆ ಈಗಲೂ ಬೇಸರವಿಲ್ಲ. ಬೈಯುವಷ್ಟು ಶುದ್ಧ ನಾನಾಗಿರಲಿಲ್ಲ ಎನ್ನುವುದಕ್ಕೆ ಇದೆ.

ಮಾರನೇ ದಿನ ಭಾಮೈದನ ಮನೆಗೆ ಹೋದೆ. ಅವನು ಜಗಲಿಯಲ್ಲಿ ಹೊಗೆಸೊಪ್ಪಿನ ಎಲೆಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತ ಕೂತಿದ್ದ. ಕಾಫಿ ತರಿಸಿದ. ಕಾಫಿ ಕುಡಿದ ಮೇಲೆ ಹೇಳುವುದು ಇನ್ನೂ ಕಷ್ಟ ಎಂದು ಲೋಟ ಹಾಗೇ ಇಟ್ಟು ಹೇಳಿದೆ. ಅವನ ಕೈ ನಿಲ್ಲಲಿಲ್ಲ. ಎಲೆ ಎತ್ತುವುದು, ನೋಡುವುದು, ಇಡುವುದು. ನಾನು ಮುಗಿಸಿದ ಮೇಲೆ ತಲೆ ಎತ್ತದೆ ಮಾತಾಡಿದ.

"ನೀವು ನಮ್ಮಕ್ಕನ್ ಗಂಡ, ಒಡೆಯಕ್ಕಾಗಲ್ಲ. ನನ್ ಬಾಯಲ್ಲಿ ಆ ಎಂಗ್ಸಿಗೆ ಏನೇನ್ ಅನ್ನಿಸ್ಬುಟ್ರಿ ಗೊತ್ತಾ ಭಾವ."

"ನಾನು ಅವ್ರೇ ಅಂತ ಯೋಳ್ನಿಲ್ಲ ಕಣೋ."

"ಯೋಳ್ಬೇಕಿತ್ತಾ?"

ಆ ಒಂದು ಮಾತಿನಲ್ಲಿ ಅವನು ನನ್ನನ್ನೂ ಬಿಚ್ಚಿಟ್ಟ, ತನ್ನನ್ನೂ ಬಿಚ್ಚಿಟ್ಟುಕೊಂಡ. ಚೀಲ ಹಿಡಿದ ಹೆಂಗಸರು ಎಂದರೆ ಸಾಕು, ಉಳಿದದ್ದನ್ನು ಅವನೇ ತುಂಬಿಕೊಳ್ಳುತ್ತಾನೆ ಎಂದು ನನಗೆ ಗೊತ್ತಿತ್ತು. ಅವನೂ ತುಂಬಿಕೊಂಡ. ನನಗೂ ಸಿಟ್ಟು ಬಂತು. ಮಡಿಲು ಬಿಚ್ಚಿಸು ಎಂದು ನಾನು ಹೇಳಿಕೊಟ್ಟೆನಾ, ಹುಲ್ಲು ಬಿಟ್ಟು ಏನೂ ಇಲ್ಲ ಎಂದು ಕಣ್ಣಲ್ಲಿ ಕಂಡ ಮೇಲೂ ತಂತಿ ಎಳೆದವನು ಯಾರು ಎಂದು ಕೇಳಿದೆ. ಇಬ್ಬರೂ ದನಿ ಎತ್ತಿದೆವು. ಅವನ ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಆಗ ದನಿ ಇಳಿಸಿದೆವು. ತಂತಿ ಬಿಚ್ಚು ಎಂದು ಕೇಳಿಕೊಂಡೆ. ಮೊದಲು ಕಾಲೋನಿಗೆ ಹೋಗಿ ನಿಜ ಹೇಳಿ, ಆಮೇಲೆ ನೋಡುತ್ತೇನೆ ಎಂದ. ನೀನೂ ಬಾ ಎಂದರೆ ಬರಲಿಲ್ಲ. ನಾನು ಯಾಕೆ ಬರಲಿ, ತಂತಿ ಕಟ್ಟಿಸಿದವರು ನೀವು ಎಂದು ಎಲೆಯ ಕಡೆಗೆ ತಿರುಗಿದ.

ತಂತಿಯ ಪಕ್ಕ ದಾರಿಯಿರಲಿಲ್ಲ. ಕೆರೆ ಏರಿ ಸುತ್ತಿ, ಟಾರು ರಸ್ತೆಯಲ್ಲೇ ಕಾಲೋನಿಗೆ ಹೋದೆ. ಬಿಸಿಲಿತ್ತು. ಎಷ್ಟು ದೂರ ಎಂದು ಆವತ್ತು ಕಾಲಿಗೆ ಗೊತ್ತಾಯಿತು. ನೀರಿನ ತೊಂಬೆಯ ಹತ್ತಿರ ಆ ವಯಸ್ಸಾದ ಹೆಂಗಸು ಪಾತ್ರೆ ಬೆಳಗುತ್ತಿದ್ದಳು. ಇನ್ನೂ ಕೆಲವರು ಬಿಂದಿಗೆ ಹಿಡಿದು ನಿಂತಿದ್ದರು. ಎಲ್ಲರ ಮುಂದೆ ಹೇಳಿದೆ. ತೊದಲುತ್ತ ಹೇಳಿದೆ, ಆದರೆ ಅರ್ಧ ಹೇಳಲಿಲ್ಲ. ಅವಳು ಪಾತ್ರೆ ಬೆಳಗುವುದನ್ನು ನಿಲ್ಲಿಸಿ ಕೇಳಿದಳು.

"ಅಂಗಾರೆ ನೀವೇ ಕಿತ್ಕಂಡ್ ಓಗಿದ್ದು."

"ಊಂ ಕಣಮ್ಮ."

"ಆವತ್ತು ನಿಮ್ಗೆ ದಾರಿ ಬುಟ್ಟು ಕೂಳೆ ಒಳಕ್ಕಿಳ್ದು ನಿಂತಿದ್ದೆ. ಜ್ಞಾಪ್ಕ ಅದಾ?"

ಇದೆ ಎಂದೆ.

"ಸೊಸೆ ಮುಂದೆ ಮಡ್ಲು ಕೊಡವ್ದೆ ಅಯ್ಯ. ಬರೀ ಹುಲ್ಲು ಬಿತ್ತು. ಅದ್ನ ಕಾಲಲ್ ಕೆದಕಿ ನೋಡುದ್ರು."

ಅದನ್ನು ಯಾರೂ ನನಗೆ ಹೇಳಿರಲಿಲ್ಲ. ತಪ್ಪಾಯಿತು ಎಂದು ಕೈ ಮುಗಿದೆ. ನಾನು ಕೈ ಮುಗಿದದ್ದನ್ನು ಅವಳು ನೋಡಲಿಲ್ಲ. ಪಾತ್ರೆಗೆ ಮತ್ತೆ ಬೂದಿ ಹಾಕಿದಳು.

"ಇಲ್ಯಾಕ್ ಯೋಳೀರಿ. ಇಲ್ಲಿರೋರ್ಗೆಲ್ಲ ಗೊತ್ತು ನಾವ್ ಕದ್ದಿಲ್ಲ ಅಂತ. ಊರೊಳೀಕೋಗಿ ಯೋಳಿ."

ಅವಳು ಹೇಳಿದ್ದು ಸರಿ. ಕದಿಯದವರಿಗೆ ನೀವು ಕದ್ದಿಲ್ಲ ಎಂದು ಹೇಳಲು ಹೋಗಿದ್ದೆ ನಾನು. ಅದಕ್ಕೆ ಧೈರ್ಯ ಬೇಕಿರಲಿಲ್ಲ.

ಊರಿನವರೆಲ್ಲ ಒಂದೇ ಕಡೆ ಸಿಗುವುದು ಬೆಳಿಗ್ಗೆ ಹಾಲಿನ ಡೈರಿಯ ಮುಂದೆ. ಭಾಮೈದನ ಮನೆಯಲ್ಲಿ ಉಳಿಯುವ ಮುಖವಿರಲಿಲ್ಲ. ಹುಣಸೂರಿಗೆ ಹೋಗಿ, ಮತ್ತೆ ಬೆಳಗಾಗುತ್ತಲೇ ಬಂದೆ. ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು. ಭಾಮೈದನೂ ಇದ್ದ. ನಾನು ಹೇಳತೊಡಗಿದೆ. ಅರ್ಧಕ್ಕೇ ಒಬ್ಬ ನನ್ನ ಮಾತು ಕತ್ತರಿಸಿದ. ಅವನು ನಮ್ಮ ಮದುವೆಯಲ್ಲಿ ಬಡಿಸಲು ನಿಂತವನು, ದೂರದ ನೆಂಟ.

"ಬುಡಿ ಭಾವ, ಆಗಿದ್ದಾಯ್ತು. ಆವತ್ತು ಕದ್ದಿಲ್ಲ ಅಂದ್ಮಾತ್ರಕ್ಕೆ ಅವ್ರೇನ್ ಸಾಚಾನಾ? ದೊಡ್ ಮನ್ಸು ನಿಮ್ದು, ಅವ್ರನ್ನ ಉಳ್ಸಕ್ ನೋಡ್ತಾ ಇದ್ದೀರಿ."

ಸಾಲಿನಲ್ಲಿದ್ದವರು ಹೌದೌದು ಎಂದರು. ನಾನು ಕೂಗಿದೆ. ಉಳಿಸಲು ನೋಡುತ್ತಿಲ್ಲ, ಕದ್ದವನು ನಾನು, ನನ್ನ ಮುಖ ನೋಡಿ ಎಂದು ಕೂಗಿದೆ. ಪಾಪ, ವಯಸ್ಸಾಯಿತು ಎನ್ನುವಂತೆ ನೋಡಿದರು. ನನ್ನ ಸುಳ್ಳನ್ನು ಒಂದು ಫೋನಿನಲ್ಲಿ ನಂಬಿದ ಊರು, ನನ್ನ ನಿಜವನ್ನು ಎದುರಿಗೆ ನಿಂತು ಹೇಳಿದರೂ ನಂಬಲಿಲ್ಲ. ಸುಳ್ಳು ಅವರಿಗೆ ಬೇಕಾಗಿತ್ತು, ನಿಜ ಬೇಕಾಗಿರಲಿಲ್ಲ. ಇಷ್ಟು ವರ್ಷ ಆ ಊರಿನ ಅಳಿಯನಾಗಿ ಉಂಡು ತಿರುಗಿದವನಿಗೆ ಇದು ಆವತ್ತು ಗೊತ್ತಾಗಬೇಕಾಯಿತು. ನಾನೂ ಅವರಲ್ಲಿ ಒಬ್ಬನೇ ಆಗಿದ್ದರಿಂದ ಅದಕ್ಕೆ ಮೊದಲು ಗೊತ್ತಾಗುವ ಕಾರಣವಿರಲಿಲ್ಲ.

ಭಾಮೈದ ಹಾಲು ಹಾಕಿ ಖಾಲಿ ಕ್ಯಾನು ಎತ್ತಿಕೊಂಡ. ಸಾಲಿನವರ ಕಡೆ ತಿರುಗಿ, ಭಾವ ಹೇಳುತ್ತಿರುವುದು ನಿಜ, ನಾನು ಬೈದದ್ದು ತಪ್ಪು ಎಂದಷ್ಟೇ ಹೇಳಿ ಹೋದ. ಅವನು ಅಷ್ಟನ್ನು ಹೇಳುತ್ತಾನೆ ಎಂದು ನಾನು ಅಂದುಕೊಂಡಿರಲಿಲ್ಲ. ಆ ದಿನವೇ ತಂತಿ ಬಿಚ್ಚಿದ. ಕಲ್ಲುಕಂಬಗಳನ್ನು ಕೀಳಲಿಲ್ಲ. ನನ್ನ ಜೊತೆ ಈಗಲೂ ಮಾತಿಲ್ಲ, ಅಕ್ಕನ ಜೊತೆ ಇದೆ.

ಹೋದ ವಾರ ಅವನ ಮನೆಯಲ್ಲಿ ಯಾವುದೋ ಪೂಜೆ. ಹೆಂಡತಿ ಹಿಂದಿನ ದಿನವೇ ಹೋಗಿದ್ದಳು. ಅವಳು ಕರೆದಳೆಂದು ನಾನೂ ಹೋಗಿ, ಉಣ್ಣದೆ ಜಗಲಿಯಲ್ಲಿ ಮಲಗಿ, ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ನಿಂತೆ. 'ಉಣ್ಣದೆ' ಎಂದು ಇಲ್ಲಿ ಬರೆದದ್ದು ಹೆಚ್ಚುಗಾರಿಕೆಗಲ್ಲ, ಅವನು ಊಟಕ್ಕೆ ಕರೆಯಲಿಲ್ಲ. ಕಾಲೋನಿಯ ಹೆಂಗಸರು ಬದುವಿನ ಮೇಲೆ ಮಾತಾಡುತ್ತ ಬಂದರು. ಅವರಲ್ಲಿ ಆ ಸೊಸೆಯಿದ್ದಳು, ಅತ್ತೆ ಇರಲಿಲ್ಲ. ನಿಮ್ಮತ್ತೆ ಕೆಲಸ ಬಿಟ್ಟರಾ ಎಂದು ಕೇಳಿದೆ. ಬಿಟ್ಟಿಲ್ಲ, ಟಾರು ರಸ್ತೆಯಲ್ಲಿ ಬರುತ್ತಾರೆ ಎಂದಳು. ದಾರಿ ತೆರೆದಿದೆಯಲ್ಲ ಎಂದೆ.

"ಎಷ್ಟ್ ಯೋಳುದ್ರೂ ಈ ಬದಿನ್ ಮ್ಯಾಲೆ ಕಾಲಿಕ್ಕಾಕಿಲ್ಲ ಅಯ್ಯ. ಸರ್ಕಾರದ್ ರೋಡಲ್ಲಿ ಯಾರೂ ಮಡ್ಲು ಬಿಚ್ಚು ಅನ್ನಾಕಿಲ್ಲ ಅಂತಾರೆ."

ಬಸ್ಸು ಬಂತು. ಎಲ್ಲರೂ ಹತ್ತಿದೆವು. ಸೊಸೆ ಕಂಡಕ್ಟರನನ್ನು ಒಂದು ನಿಮಿಷ ನಿಲ್ಲಿಸಲು ಕೇಳಿದಳು. ನಾನೂ ಎದ್ದು ನಿಂತು ಕೇಳಿದೆ, ಆಮೇಲೆ ಕೂಗಿದೆ. ಯಜಮಾನ್ರೆ, ಕೂತ್ಕೊಳ್ಳಿ, ಬೀಳ್ತೀರಿ ಎಂದು ಅವನು ಸೀಟಿ ಹೊಡೆದ. ಕೆರೆ ಏರಿಯ ತಿರುವಿನಲ್ಲಿ ಅವಳ ಅತ್ತೆ ಬರುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದನ್ನು ಮೇಲೆತ್ತಿ ಬೀಸುತ್ತಿದ್ದಳು. ಬಸ್ಸು ನಿಲ್ಲಲಿಲ್ಲ. ಕಿಟಕಿಯಲ್ಲಿ ಅವಳು ನನ್ನನ್ನು ನೋಡಿದಳು. ಕೈ ಕೆಳಗಿಳಿಸಿದಳು.